ಸಾಯದ ಕುರಿ

ನಾದಿನಿಯ ಕುರಿದೊಡ್ಡಿಯ ಗೋಡೆ ಒಂದು ಮೂಲೆಯಲ್ಲಿ ಕುಸಿದಿತ್ತು. ಅದನ್ನು ಸರಿಮಾಡಲು ಬಂದ ಅವಳ ಭಾವ, ಕಲ್ಲುಗೋಡೆ ಕಟ್ಟುವವನು, ಬೆಳಿಗ್ಗೆಯಿಂದ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುತ್ತಿದ್ದ. ಅರವತ್ತೆಂಟರ ಮುದುಕ. ಕೈ ಇನ್ನೂ ಚುರುಕು, ಸೊಂಟ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಬಿಡುವು ಕೊಡಲೆಂದು ಕುಳಿತಾಗಲೆಲ್ಲ ಅವನ ಕಣ್ಣು ತನ್ನ ಕುರಿಗಳನ್ನು ಹುಡುಕುತ್ತಿತ್ತು.

ತನ್ನವು ಎಂದರೆ ಹೆಂಡತಿಯವು. ಅವಳು ತೀರಿಕೊಂಡ ವರ್ಷ ಅವಳ ನಾಲ್ಕು ಹೆಣ್ಣು ಕುರಿಗಳನ್ನು ಅವಳ ತಂಗಿಗೇ ಸಾಕಲು ಕೊಟ್ಟಿದ್ದ. ಕರಾರು ಎಲ್ಲರೂ ಮಾಡಿಕೊಳ್ಳುವಂಥದ್ದೇ. ಅದಕ್ಕೆ 'ಸಾಯದ ಕುರಿ' ಎನ್ನುತ್ತಿದ್ದರು. ಕುರಿ ಕೊಟ್ಟವನಿಗೆ ವರ್ಷಕ್ಕೆ ಎರಡು ಮರಿ. ಉಳಿದ ಮರಿ, ಉಣ್ಣೆ ಸಾಕಿದವಳಿಗೆ. ನಡುವೆ ರೋಗ ಬರಲಿ, ತೋಳ ಬರಲಿ, ಕೇಳಿದ ದಿನ ನಾಲ್ಕಕ್ಕೆ ನಾಲ್ಕೂ ಎಣಿಸಿ ಒಪ್ಪಿಸಬೇಕು. ಆ ಎರಡು ಮರಿ ಮಾರಿದ ಹಣದಲ್ಲಿ ಅವನು ಹೆಂಡತಿಯ ಆತ್ಮಕ್ಕಾಗಿ ಚರ್ಚಿನಲ್ಲಿ ತಿಂಗಳಿಗೊಂದು ಪೂಜೆ ಹೇಳಿಸುತ್ತಿದ್ದ.

ಹೆಂಡತಿ ತನ್ನ ಕುರಿಗಳ ಎಡಗಿವಿಯ ಅಂಚನ್ನು ಉಗುರಿನಷ್ಟು ಕತ್ತರಿಸಿ ಗುರುತು ಮಾಡಿದ್ದಳು. ದೊಡ್ಡಿಯಲ್ಲಿ ಹನ್ನೊಂದು ಕುರಿಗಳಿದ್ದವು. ಹನ್ನೊಂದರ ಎಡಗಿವಿಯೂ ಇಡಿಯಾಗಿತ್ತು.

"ನಿನ್ನಕ್ಕನವು ಎಲ್ಲಿ ಹೋದ್ವೇ?"

ಹುಲ್ಲಿನ ಹೊರೆ ಇಳಿಸುತ್ತಿದ್ದ ನಾದಿನಿ ತಿರುಗಿ ನೋಡಲಿಲ್ಲ. "ಹೋಗಿ ಮೂರು ವರ್ಷ ಆಯ್ತು ಭಾವ."

"ಮತ್ತೆ ಮರಿ ಕೊಡ್ತಾನೇ ಇದ್ದೆಯಲ್ಲ?"

"ಸಂತೇಲಿ ಕೊಂಡು ಕೊಟ್ಟೆ. ಉಣ್ಣೆ ನೂತ ದುಡ್ಡಿತ್ತು."

"ನಂಗೊಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಸಾಯದ ಕುರಿ ಸತ್ವು ಅಂತಲಾ?" ಅವಳು ನಕ್ಕಳು. "ನಾಲ್ಕು ತಲೆ ಲೆಕ್ಕಕ್ಕೆ ನನ್ನವು ಇದಾವೆ, ಹೆದರ್ಬೇಡಿ. ನೀವು ಗೋಡೆ ನೋಡ್ಕೊಳಿ, ಸೊಟ್ಟ ಹೋಗ್ತಿದೆ."

ಗೋಡೆ ನಿಜಕ್ಕೂ ಸೊಟ್ಟ ಹೋಗಿತ್ತು. ನಲವತ್ತು ವರ್ಷದಲ್ಲಿ ಅವನ ಕೈಯಿಂದ ಹಾಗಾದದ್ದು ಅದೇ ಮೊದಲು. ಬಿಚ್ಚಿ ಮತ್ತೆ ಕಟ್ಟಿದ.

ಮರುದಿನ ಬೆಳಿಗ್ಗೆ ಅವನು ಚರ್ಚಿನ ಹಿತ್ತಲಿಗೆ ಹೋದಾಗ ಪಾದ್ರಿಗಳು ಮಂಡಿಯೂರಿ ಮೂಲಂಗಿ ಪಾತಿಯ ಕಳೆ ಕೀಳುತ್ತಿದ್ದರು.

"ಫಾದರ್, ನಾನು ಯಾವತ್ತೂ ಬಡ್ಡಿ ತಿಂದೋನಲ್ಲ."

"ನಾನೇನೂ ಕೇಳ್ಲೇ ಇಲ್ವಲ್ಲಪ್ಪ," ಎಂದರು ಅವರು.

ಅವನು ಎಲ್ಲವನ್ನೂ ಹೇಳಿದ. ಪಾದ್ರಿಗಳು ಕೈಯ ಮಣ್ಣು ಉಜ್ಜಿಕೊಂಡು ಪಾತಿಯ ಅಂಚಿನಲ್ಲೇ ಕುಳಿತರು.

"ಕುರಿ ಸತ್ರೆ ನಷ್ಟ ಯಾರಿಗೆ?"

"ಅವಳಿಗೆ."

"ನಿನ್ನ ಎರಡು ಮರೀಲಿ ಒಂದಾದ್ರೂ ಕಮ್ಮಿ ಆಗುತ್ತಾ?"

"ಇಲ್ಲ."

"ಸಾಯೋ ಕುರಿ ಕೊಟ್ಟಿದ್ರೆ ಅದು ಪಾಲು. ರೋಗ ಬಂದ್ರೆ ಅವಳ ಜೊತೆ ನೀನೂ ಹೆದರ್ತಿದ್ದೆ, ಅವಳ ಜೊತೆ ನೀನೂ ಕಳ್ಕೋತಿದ್ದೆ. ಅದು ತಪ್ಪು ಅಂತ ನಮ್ಮ ಹಿರಿಯರು ಹೇಳಿಲ್ಲ. ಸಾಯದ ಕುರಿ ಅಂದ್ರೆ ತುಪ್ಪಳ ಹೊದ್ದ ಬಡ್ಡಿ ಕಣಯ್ಯ. ದಿನ ಕಳೆದದ್ದಕ್ಕೆ ಅವಳ ಹತ್ರ ಬೆಲೆ ತಗೊಂಡಿದೀಯ. ದಿನ ನಿನ್ನದಾ? ದೇವರು ಎಲ್ರಿಗೂ ಬಿಟ್ಟಿ ಕೊಟ್ಟಿದ್ದು."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಕೇಳಲು ಹೆದರಿಕೆಯಾಗುತ್ತಿದ್ದುದನ್ನು ಕೊನೆಗೂ ಕೇಳಿದ.

"ಆ ದುಡ್ಡಲ್ಲೇ ಪೂಜೆ ಹೇಳಿಸಿದ್ದು. ನಮ್ಮವಳಿಗೆ ಮುಟ್ಟಿಲ್ವಾ ಹಾಗಾದ್ರೆ?"

"ಪ್ರಾರ್ಥನೆ ಮುಟ್ಟಿರುತ್ತೆ." ಪಾದ್ರಿಗಳು ಮೆಲ್ಲಗೆ ಹೇಳಿದರು. "ತಂಗಿ ನೂತು ನೂತು ಬೆರಳು ಸವೆಸಿಕೊಂಡದ್ದೂ ಗೊತ್ತಾಗಿರುತ್ತೆ."

ಮೂರು ವರ್ಷದ ಆರು ಮರಿಗಳ ಬೆಲೆ ಒಟ್ಟು ಮಾಡಲು ಅವನಿಗೆ ಒಂದು ವಾರ ಹಿಡಿಯಿತು. ಒಳ್ಳೆಯ ಸುತ್ತಿಗೆಯೊಂದನ್ನು ಮಾರಬೇಕಾಯಿತು. ಹಣದ ಗಂಟನ್ನು ತಂದು ನಾದಿನಿಯ ಮುಂದೆ, ಹೊಸ ಗೋಡೆಯ ಮೇಲಿಟ್ಟ. ಅವಳ ಮುಖ ಬಿಗಿಯಿತು.

"ಭಿಕ್ಷೆ ಹಾಕೋಕೆ ಬಂದ್ರಾ ಭಾವ? ನಾನು ಮಾತಿಗೆ ತಪ್ಪಿದೋಳಲ್ಲ."

"ನೀನು ತಪ್ಪಿಲ್ಲ ಕಣೇ, ನಾನು ತಪ್ಪಿದೆ. ಸತ್ತ ಕುರಿ ಎಲ್ಲಾದ್ರೂ ಮರಿ ಹಾಕುತ್ತಾ? ಇದು ನಿನ್ನ ದುಡ್ಡು. ನಿನ್ನ ನಾಲ್ಕು ಕುರೀನೂ ನಂಗೆ ಬೇಡ."

"ಮತ್ತೆ ಆವತ್ತು ಕರಾರು ಯಾಕೆ ಮಾಡ್ಕೊಂಡ್ರಿ?"

ಅವನು ಗೋಡೆಯ ಕಲ್ಲೊಂದನ್ನು ಸುಮ್ಮನೆ ಅಲುಗಿಸಿ ನೋಡಿದ. ಅದು ಅಲುಗಲಿಲ್ಲ.

"ಆವತ್ತು ಅವಳನ್ನ ಮಣ್ಣು ಮಾಡಿ ಬಂದಿದ್ದೆ. ಅವಳದ್ದು ಏನಾದ್ರೊಂದು ಸಾಯದೆ ಇರ್ಲಿ ಅನ್ನಿಸ್ತು. ಅದಕ್ಕೆ ಬೆಲೆ ನೀನು ತೆರಬೇಕಾಗುತ್ತೆ ಅಂತ ಹೊಳೀಲಿಲ್ಲ."

ನಾದಿನಿ ಗಂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅವನಿಗೂ ಜಾಗ ಬಿಟ್ಟು ಹುಲ್ಲಿನ ಹೊರೆಯ ಮೇಲೆ ಕುಳಿತಳು. "ಇನ್ಮೇಲೆ ಅಕ್ಕನ ಪೂಜೆಗೆ ಇಬ್ರೂ ಅರ್ಧರ್ಧ ಹಾಕೋಣ. ನಂಗೂ ಅವಳೊಬ್ಬಳೇ ಇದ್ದದ್ದು."

"ಆಗ್ಲಿ," ಎಂದ ಅವನು. ಕುಳಿತು ಸೊಂಟ ನೀವಿಕೊಂಡ. "ಹೇಗೆ ಹೋದ್ವು, ಹೇಳು. ಒಂದೊಂದಾಗಿ ಹೇಳು."

ಅವಳು ಹೇಳಿದಳು. ಎರಡು ಹೊಟ್ಟೆ ಉಬ್ಬರಿಸಿ ಒಂದೇ ವಾರದಲ್ಲಿ. ಇನ್ನೊಂದು, ಮರಿ ಹಾಕಲಾರದೆ.

"ಬಿಳಿ ಮೂತೀದು? ಅವಳ ಹಿಂದೆ ಹಿಂದೆ ಓಡಾಡ್ತಿತ್ತಲ್ಲ?"

"ಅದಕ್ಕೆ ವಯಸ್ಸಾಗಿತ್ತು ಭಾವ. ಬಿಸಿಲಲ್ಲಿ ನನ್ನ ತೊಡೆ ಮೇಲೆ ತಲೆ ಇಟ್ಕೊಂಡಿತ್ತು."

"ತುಂಬಾ ನರಳ್ತಾ?"

"ಇಲ್ಲ," ಎಂದಳು ಅವಳು, ಅವನ ಕಣ್ಣನ್ನು ನೋಡದೆ, ಅವನ ಒರಟು ಕೈಯ ಮೇಲೆ ತನ್ನ ಕೈಯಿಟ್ಟು. "ಒಂದು ಚೂರೂ ನರಳಲಿಲ್ಲ."