ಮೂರು ದಿನದ ಗಡ್ಡ

ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಅವಳಿಗೆ ಮಾಸ್ಕಮ್ಮ ಎಂದು ಹೆಸರು ಬಿದ್ದು ನಾಲ್ಕು ವರ್ಷವಾಗಿತ್ತು. ಹೆಸರಿಟ್ಟವನು ಪ್ಲಾಸ್ಟರಿನವನು. ದಿನವಿಡೀ ದವಡೆಯ ಅಚ್ಚು ಎರೆಯುವವನಿಗೆ ಕೈಗೆ ಕೆಲಸ, ಬಾಯಿಗೆ ಬಿಡುವು. ತಿಕ್ಕುವ ಯಂತ್ರದ ಧೂಳಿಗೆ ಅಲ್ಲಿ ಎಲ್ಲರೂ ಮಾಸ್ಕು ಹಾಕುವವರೇ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಊಟದ ಹೊತ್ತಿಗೆ ಉಳಿದವರು ಮಾಸ್ಕು ಗಲ್ಲಕ್ಕೆ ಇಳಿಸಿ ಹರಟೆಗೆ ಕೂತರೆ, ಇವಳು ಡಬ್ಬಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ, ಪ್ಲಾಸ್ಟರ್ ಮೂಟೆಗಳ ಪಕ್ಕ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದಳು. ಯಾರಾದರೂ ಒಳಗೆ ಬಂದರೆ ತುತ್ತು ಬಾಯಲ್ಲಿರುವಾಗಲೇ ಮಾಸ್ಕು ಮೇಲೇರುತ್ತಿತ್ತು.

ಹುಟ್ಟಿದಾಗ ಗಂಡುಮಗು ಎಂದು ಎತ್ತಿಕೊಂಡರು. ಅದು ಹಾಗಲ್ಲ ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ನಲವತ್ತು ವರ್ಷ ಹಿಡಿಯಿತು. ಆಮೇಲೆ ಡಾಕ್ಟರ ಮಾತ್ರೆಗೆ ಮೈ ಒಂದಿಷ್ಟು ಮೆದುವಾಯಿತು, ಅಭ್ಯಾಸಕ್ಕೆ ದನಿ ಒಂದಿಷ್ಟು ಬಗ್ಗಿತು, ತಲೆಗೂದಲು ಹೆಗಲಿಗೆ ಇಳಿಯಿತು. ಗಡ್ಡ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣವನ್ನು ಲೇಸರಿನವರ ಕೈಗೆ ಹಾಕಿದಳು. ಕರಿ ಕೂದಲು ಹೋಯಿತು. ಬಿಳಿಯದು ಅಷ್ಟೂ ಉಳಿಯಿತು. ಲೇಸರಿನ ಬೆಳಕಿಗೆ ಬಿಳಿ ಕೂದಲು ಕಾಣುವುದಿಲ್ಲವಂತೆ. ಅದನ್ನು ಅವರು ಹೇಳಿದ್ದು ಆರನೇ ಸಲ ದುಡ್ಡು ಎಣಿಸಿಕೊಂಡಾದ ಮೇಲೆ. ನಲವತ್ತಾರರ ಮುಖದಲ್ಲಿ ಬಿಳಿ ಕೂದಲಿಗೇನು ಬರವೇ?

ಉಳಿದದ್ದು ಸೂಜಿಯ ದಾರಿ. ಪೇಟೆಯ ಕೊನೆಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಆ ಕೆಲಸ ಮಾಡುತ್ತಿದ್ದಳು. ಇವಳು ಅವಳನ್ನು ಸೂಜಿ ಮೇಡಂ ಎನ್ನುತ್ತಿದ್ದಳು. ಕೂದಲಿನ ಬುಡಕ್ಕೆ ತೆಳು ಸೂಜಿ ಇಳಿಸಿ, ಕಾಲಲ್ಲಿ ಪೆಡಲು ಒತ್ತಿ ಕರೆಂಟು ಬಿಟ್ಟು, ಸುಟ್ಟ ಕೂದಲನ್ನು ಚಿಮಟದಲ್ಲಿ ಎಳೆದು ತೆಗೆಯುವುದು. ಹೀಗೆ ಒಂದೊಂದೇ. ಒಂದು ಗಂಟೆಯ ಫೀಸೆಂದರೆ ಇವಳ ಎರಡು ದಿನದ ಸಂಬಳ. ಮರಗಟ್ಟಿಸುವ ಮುಲಾಮಿಗೆ ಬೇರೆ ದುಡ್ಡು, ಹಾಗಾಗಿ ಇವಳು ಹಲ್ಲು ಕಚ್ಚಿಕೊಂಡು ಮಲಗುವವಳು. ಹಣದ ಮಾತು ಹಾಗಿರಲಿ, ಅದಕ್ಕಿಂತ ದುಬಾರಿಯಾದದ್ದು ಇನ್ನೊಂದಿತ್ತು. ಚಿಮಟಕ್ಕೆ ಸಿಗಬೇಕಾದರೆ ಕೂದಲು ಅಕ್ಕಿಕಾಳಿನ ಅರ್ಧದಷ್ಟಾದರೂ ಇರಬೇಕು. ಅಂದರೆ ಹೋಗುವ ಮೊದಲು ಮೂರು ದಿನ ಗಡ್ಡ ಬಿಡಬೇಕು. ಗಡ್ಡ ಕಳೆದುಕೊಳ್ಳಲು ಗಡ್ಡ ಬಿಟ್ಟುಕೊಂಡು ತಿರುಗಬೇಕಾದ ಹೆಂಗಸಿನ ಪಾಡು ಯಾರಿಗೂ ಬೇಡ.

ಮೊದಲ ಸಲ ಅವಳು ಎರಡು ದಿನ ಬಿಟ್ಟು, ಮೂರನೆಯ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ, ಮೂವತ್ತು ವರ್ಷದ ರೂಢಿಯಂತೆ ಎದ್ದವಳೇ ಬೋಳಿಸಿಕೊಂಡಿದ್ದಳು. ಅಂದಿನಿಂದ ರೇಜರನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲೆ ಕೈಗೆಟುಕದ ಹಾಗೆ ಎಸೆದುಬಿಡುತ್ತಿದ್ದಳು.

ಈ ಭಾನುವಾರ ಹನ್ನೊಂದರಿಂದ ಮೂರರವರೆಗೆ ನಾಲ್ಕು ಗಂಟೆ, ಮೇಲ್ತುಟಿ ಮತ್ತು ಗಲ್ಲ. ಅದಕ್ಕಾಗಿ ಮೂರು ತಿಂಗಳು ರಜೆಯ ದಿನವೂ ಲ್ಯಾಬಿಗೆ ಹೋಗಿ ಹಲ್ಲಿನ ಸೆಟ್ಟು ತಿಕ್ಕಿದ್ದಳು. ಹಣ ಪೂರ್ತಿ ಮುಂಗಡ, ಬಾರದಿದ್ದರೆ ವಾಪಸ್ಸಿಲ್ಲ. ಸೋಮವಾರ ಸೂಜಿ ಮೇಡಂಗೆ ಕಣ್ಣಿನ ಆಪರೇಷನ್, ಆಮೇಲೆ ಎರಡು ತಿಂಗಳು ಬಾಗಿಲು ಹಾಕಿರುತ್ತದೆ. ಮೇಲ್ತುಟಿಯೊಂದು ಮುಗಿದರೆ ಎಲ್ಲರ ಜತೆ ಕೂತು ಊಟ ಮಾಡುತ್ತೇನೆ ಎಂದು ಅವಳು ತನಗೆ ತಾನೇ ಮಾತು ಕೊಟ್ಟಿದ್ದಳು. ದೊಡ್ಡ ಆಸೆಗಳೆಲ್ಲ ಯಾವತ್ತೋ ಸುಸ್ತಾಗಿ ಕೂತಿದ್ದವು. ಉಳಿದದ್ದು ಇದೊಂದು.

ಶನಿವಾರ ಸಂಜೆ, ಮೂರನೇ ದಿನದ ಗಡ್ಡ ಮಾಸ್ಕಿನೊಳಗೆ ನವೆಯಾಗುತ್ತಿರುವಾಗ ಫೋನು ಬಂತು.

"ಹಲೋ... ನಾನು. ಪಿಟೀಲು."

ಅಣ್ಣನ ಮಗಳು. ಹಸುಗೂಸಾಗಿದ್ದಾಗ ರಾಗ ಎಳೆದೆಳೆದು ಅಳುತ್ತಿದ್ದಳೆಂದು ಇವಳೇ ಇಟ್ಟ ಹೆಸರು. ಅಣ್ಣನ ಮನೆಯ ಬಾಗಿಲು ಇವಳ ಪಾಲಿಗೆ ಮುಚ್ಚಿ ಆರು ವರ್ಷವಾಗಿತ್ತು. ಆಗ ಹದಿನೈದರ ಹುಡುಗಿ, ಈಗ ಇಪ್ಪತ್ತೊಂದು ಇರಬೇಕು.

"ಏನಾಯ್ತೇ? ಎಲ್ಲಾ ಚೆನ್ನಾಗಿದ್ದಾರಾ?"

"ಎಲ್ಲಾ ಚೆನ್ನಾಗಿದ್ದಾರೆ. ನಾಳೆ ನಿಮ್ಮನೆಗೆ ಬರ್ಲಾ? ಬೆಳಗ್ಗೆ ಎಂಟಕ್ಕೆ. ಸ್ವಲ್ಪ ಮಾತಾಡೋದಿತ್ತು."

ಚಿಕ್ಕಪ್ಪ ಅನ್ನಲಿಲ್ಲ. ಅತ್ತೆ ಎಂದೂ ಅನ್ನಲಿಲ್ಲ. ಅದನ್ನು ಗಮನಿಸದೆ ಬಿಡುವಷ್ಟು ದೊಡ್ಡ ಮನಸ್ಸು ಇವಳಿಗಿರಲಿಲ್ಲ.

"ಸಂಜೆ ಬಂದ್ರೆ ಆಗಲ್ವಾ?"

"ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿ ಬರೋದು. ಕತ್ತಲಾಗೋದ್ರೊಳಗೆ ಮನೇಲಿರಬೇಕು."

"ಬಾ," ಎಂದಳು. ಬೇರೇನು ಹೇಳುವುದು?

ಬೆಳಿಗ್ಗೆ ಐದಕ್ಕೇ ಎದ್ದು ಕನ್ನಡಿಯ ಮುಂದೆ ನಿಂತಳು. ಒಳ್ಳೆಯ ಅಂಗಿ ತೊಟ್ಟು, ಓಲೆ ಹಾಕಿ, ತುಟಿಗೆ ಬಣ್ಣ ಹಚ್ಚಿದಳು. ಬಣ್ಣದ ಸುತ್ತ ಬಿಳಿ ಕೂಳೆ ನಿಂತಿತ್ತು. ಕನ್ನಡಿಯಲ್ಲಿದ್ದದ್ದು ಅವಳ ಅಪ್ಪ, ಕಾಯಿಲೆ ಬಿದ್ದ ಕೊನೆಯ ವರ್ಷದ ಅಪ್ಪ, ಮಗಳ ಓಲೆ ಹಾಕಿಕೊಂಡು ನಿಂತ ಹಾಗೆ. ಮಾಸ್ಕು ಹಾಕಿ ನೋಡಿದಳು. ಆರು ವರ್ಷದ ಮೇಲೆ ಬರುವ ಮಗುವಿಗೆ ಸ್ವಂತ ಮನೆಯ ಬಾಗಿಲಲ್ಲಿ ಮುಖ ಮುಚ್ಚಿಕೊಂಡು ನಿಲ್ಲುವುದೇ? ಗಡ್ಡದಲ್ಲೇ ಇರೋಣವೆಂದರೆ, ಹುಡುಗಿ ಮನೆಗೆ ಹೋಗಿ ಅಜ್ಜಿಗೆ, ಅಂದರೆ ಇವಳ ಅಮ್ಮನಿಗೆ, ಏನು ಹೇಳಬಹುದೆಂದು ಇವಳಿಗೆ ಕಿವಿಯಲ್ಲಿ ಕೇಳಿಸಿಯೇಬಿಟ್ಟಿತು. ಅವಳಿಗೆ ನಾಚಿಕೆಯಾಯಿತು, ಭಯವಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಸಾಕಾಯಿತು.

ಆರು ಗಂಟೆಗೆ ಸ್ಟೂಲು ಹತ್ತಿ, ಪೊರಕೆಯ ಹಿಡಿಯಿಂದ ಬೀರುವಿನ ಮೇಲಿನ ಗಂಟನ್ನು ಎಳೆದು ಕೆಳಗೆ ಬೀಳಿಸಿದಳು. ದಾರ ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಹಲ್ಲಿನಲ್ಲಿ ಕಡಿದಳು. ಈ ಸಲ ನಿದ್ದೆಗಣ್ಣಿನ ತಪ್ಪಲ್ಲ, ಪೂರ್ತಿ ಎಚ್ಚರದಲ್ಲೇ ಮಾಡಿದ್ದು. ಮೂರು ತಿಂಗಳ ದುಡಿಮೆ ನೊರೆಯ ಜತೆ ಬಚ್ಚಲಲ್ಲಿ ಇಳಿದುಹೋಯಿತು.

ಎಂಟೂಕಾಲಿಗೆ ಪಿಟೀಲು ಬಂದಳು. ಬೆಚ್ಚಗಿನ ಬೆಳಗಿನಲ್ಲೂ ಸ್ಕಾರ್ಫನ್ನು ಮೂಗಿನವರೆಗೆ ಸುತ್ತಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಚೆನ್ನಾಗಿ ಕಾಣ್ತೀಯ," ಎಂದಳು, ನಾಲ್ಕು ಸಲ ಹೇಳಿ ನೋಡಿಕೊಂಡು ಬಂದವಳ ದನಿಯಲ್ಲಿ.

ಒಳಗೆ ಕೂತರೂ ಸ್ಕಾರ್ಫು ಬಿಚ್ಚಲಿಲ್ಲ. ಟೀ ಮುಟ್ಟಲಿಲ್ಲ. ಕಾಲೇಜಿನ ಮಾತು, ಬಸ್ಸಿನ ಮಾತು, ಹವೆಯ ಮಾತು ಆಯಿತು. ಟೀ ಮೇಲೆ ಕೆನೆ ಕಟ್ಟಿತು.

"ಅಜ್ಜಿ ಹೇಳ್ತಿರ್ತಾರೆ," ಎಂದು ಹುಡುಗಿ ಕೊನೆಗೆ ಶುರುಮಾಡಿದಳು, "ನೀನು ದುಡಿದಿದ್ದನ್ನೆಲ್ಲ ಮುಖದ ಕೂದಲು ಕೀಳಿಸೋಕೆ ಸುರೀತೀಯ ಅಂತ. ಊಟಕ್ಕೆ ಕೂತಾಗಲೆಲ್ಲ ಅದೇ. ಎಲ್ಲರೂ ನಗ್ತಾರೆ."

ಇದನ್ನು ಕೇಳಿಸಿಕೊಳ್ಳುವುದಕ್ಕೆ ಬೋಳಿಸಿಕೊಂಡು ಕೂತೆನಲ್ಲ ಎಂದು ಇವಳಿಗೆ ಮೈ ಉರಿಯಿತು.

"ಹೌದು, ಸುರೀತೀನಿ. ನನ್ನ ದುಡ್ಡು. ಅದಕ್ಕೇನೀಗ?"

"ಅದಲ್ಲ... ಅದನ್ನ ಎಲ್ಲಿ ಮಾಡಿಸ್ತೀಯ ಅಂತ ಕೇಳೋಣ ಅಂತ ಬಂದೆ."

ಪಿಟೀಲು ಸ್ಕಾರ್ಫು ಬಿಚ್ಚಿದಳು.

ಗಲ್ಲದ ತುಂಬ, ದವಡೆಯ ಅಂಚಿನಲ್ಲಿ, ಗಂಟಲಿನ ಕೆಳಗೆ ಕರಿ ಕೂದಲು. ಗಟ್ಟಿಯಾಗಿ, ಅಲ್ಲಲ್ಲಿ ಸುರುಳಿಯಾಗಿ ಬೆಳೆದಿತ್ತು. ಹುಡುಗಿ ನೆಲ ನೋಡುತ್ತ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೈಯೊಳಗಿನ ಹಾರ್ಮೋನು ಏರುಪೇರಾಗಿದೆಯೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಆದರೆ ಈಗಾಗಲೇ ಬಂದದ್ದು ತಾನಾಗಿ ಹೋಗುವುದಿಲ್ಲವಂತೆ. ಬ್ಲೇಡು ಮುಟ್ಟಿಸಿದರೆ ಗಂಡಸಾಗಿಹೋಗ್ತೀಯ ಎಂದು ಅಮ್ಮನ ಆಣೆ. ಕ್ಲಾಸಿನಲ್ಲಿ ಹುಡುಗರು 'ಸಾರ್' ಎಂದು ಕರೆಯುತ್ತಾರೆ. ಹೇಳಿಕೊಳ್ಳಲು ಇನ್ನಾರೂ ಹೊಳೆಯಲಿಲ್ಲ.

"ಎಷ್ಟು ದಿನದಿಂದ ಕಿತ್ತಿಲ್ಲ, ಮುಟ್ಟಿಲ್ಲ?"

"ಮೂರು ವಾರ ಆಯ್ತು. ಸುಸ್ತಾಗಿ ಬಿಟ್ಬಿಟ್ಟೆ."

ಮೂರು ವಾರ. ಚಿಮಟಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇವಳು ಗಡಿಯಾರ ನೋಡಿದಳು. ಒಂಬತ್ತೂವರೆ. ಒಳಗೆ ಒಂದು ಕ್ಷುದ್ರ ದನಿ ಎದ್ದಿತು: ವಿಳಾಸ ಬರೆದು ಕೊಟ್ಟು ಕಳಿಸು, ಎರಡು ತಿಂಗಳಾದ ಮೇಲೆ ತನ್ನ ದುಡ್ಡಲ್ಲಿ ತಾನೇ ಹೋಗಲಿ. ಇಪ್ಪತ್ತೊಂದರ ಮುಖ. ಇಂಥ ನಾಲ್ಕೈದು ಸಲಕ್ಕೆ ಎಷ್ಟೋ ಹಗುರಾದೀತು. ತನ್ನದು ಯಾವ ಕಾಲಕ್ಕೋ. ಹೊಟ್ಟೆ ಉರಿಯಿತು, ನಿಜವಾಗಿ ಉರಿಯಿತು, ಅದೂ ತಾನು ಎತ್ತಿ ಆಡಿಸಿದ ಮಗುವಿನ ಮೇಲೆ. ಅದು ಇಳಿಯುವವರೆಗೂ ಲೋಟ ತೊಳೆಯುವ ನೆಪದಲ್ಲಿ ನಲ್ಲಿಯ ಮುಂದೆ ನಿಂತಿದ್ದಳು.

"ಏಳು," ಎಂದಳು. "ಹನ್ನೊಂದಕ್ಕೆ ಅಲ್ಲಿರಬೇಕು."

ಸೂಜಿ ಮೇಡಂ ದೀಪದ ಕೆಳಗೆ ಇವಳ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಅಲ್ಲಮ್ಮಾ, ಬೋಳಿಸ್ಕೊಂಡು ಬಂದಿದ್ದೀಯಲ್ಲ! ಬುದ್ಧಿ ಎಲ್ಲಿಟ್ಟಿದ್ದೆ? ಇದರಲ್ಲಿ ನಾನು ಏನು ಹಿಡೀಲಿ?"

"ನಂದಲ್ಲ ಮೇಡಂ. ಇವತ್ತು ಇವಳದು."

"ನಾಳೆ ನನ್ನ ಕಣ್ಣು ಕೊಯ್ತಾರೆ. ಆಮೇಲೆ ಎರಡು ತಿಂಗಳು ಇಲ್ಲ, ಗೊತ್ತಲ್ಲ?"

"ಗೊತ್ತು ಮೇಡಂ. ಇವಳಿಗೆ ಮುಲಾಮು ಹಚ್ಚಿ. ಅದರ ದುಡ್ಡು ನಾನು ಕೊಡ್ತೀನಿ."

ಪಿಟೀಲು ಹಾಸಿಗೆಯ ಮೇಲೆ ಮಲಗಿದವಳು ತಲೆ ಎತ್ತಿದಳು.

"ಯಾವಾಗ ಬೋಳಿಸ್ಕೊಂಡೆ?"

"ಬೆಳಗ್ಗೆ."

"ನಾನು ಬರ್ತೀನಿ ಅಂತಾನಾ?"

ಇವಳು ಸ್ಟೂಲು ಎಳೆದು ಕೂತಳು.

"ನಾನು ಏನು ಅಂದ್ಕೋತೀನಿ ಅಂದ್ಕೊಂಡೆ? ನನ್ನ ಗಡ್ಡ ಇಟ್ಕೊಂಡು ನಾನು ಏನಂತ ಅನ್ನಲಿ?" ಎಂದು ಹುಡುಗಿ ಮೇಲೆದ್ದೇ ಕೂತಳು. ಆಮೇಲೆ ಅಳತೊಡಗಿದಳು, ಚಿಕ್ಕವಳಿದ್ದಾಗಿನಂತೆಯೇ ರಾಗ ಎಳೆದು.

"ಅಳಬೇಡ ಕಣೇ, ಗಲ್ಲ ಅಲ್ಲಾಡುತ್ತೆ," ಎಂದು ಸೂಜಿ ಮೇಡಂ ಗದರಿದಳು.

ನಾಲ್ಕು ಗಂಟೆ. ಪೆಡಲು ಒತ್ತಿದಾಗಲೆಲ್ಲ ಯಂತ್ರ ಕುಂಯ್ ಎನ್ನುತ್ತಿತ್ತು. ಕಿತ್ತ ಕೂದಲನ್ನು ಸೂಜಿ ಮೇಡಂ ಬಿಳಿ ಕಾಗದದ ಮೇಲೆ ಒರೆಸುತ್ತಿದ್ದಳು, ಅದು ನಿಧಾನವಾಗಿ ಕಪ್ಪಾಗುತ್ತ ಹೋಯಿತು. ಮುಲಾಮಿನ ಪ್ರಭಾವ ಇಳಿದ ಮೇಲೆ ಹುಡುಗಿ ಇವಳ ಕೈ ಹಿಡಿದುಕೊಂಡಳು, ಗಂಟಲಿಗೆ ಬಂದಾಗ ಉಗುರು ನಾಟುವಷ್ಟು ಬಿಗಿಯಾಗಿ. ಇವಳಿಗೆ ಬೆನ್ನು ನೋವು, ಹಸಿವು, ಕಣ್ಣು ಎಳೆಯುವ ನಿದ್ದೆ. ಕೂತಲ್ಲೇ ಒಂದೆರಡು ಸಲ ತೂಕಡಿಸಿದಳು. ಎಚ್ಚರವಾದಾಗ ತನ್ನ ಮೇಲ್ತುಟಿಯ ಮೇಲೆ ಬೆರಳಾಡಿಸಿ ನೋಡಿಕೊಂಡಳು. ಆಗಲೇ ಉಪ್ಪುಕಾಗದದಷ್ಟು ಒರಟು.

ಮುಗಿದಾಗ ಪಿಟೀಲಿನ ಗಲ್ಲ ಕೆಂಪಗೆ ಊದಿ ಚುಕ್ಕೆ ಚುಕ್ಕೆಯಾಗಿತ್ತು. ಮೂರು ದಿನದಲ್ಲಿ ಇಳಿಯುತ್ತದೆ, ಬಿಗಿಯಾಗಿ ಏನೂ ಸುತ್ತಬೇಡ, ಇನ್ನೂ ಕೆಲವು ಸಲ ಬರಬೇಕು, ಡಾಕ್ಟರ ಮಾತ್ರೆ ಬಿಡಬೇಡ ಎಂದು ಸೂಜಿ ಮೇಡಂ ಹೇಳಿದಳು. ಎರಡು ತಿಂಗಳಾಚೆಯ ಪುಸ್ತಕದ ಹಾಳೆಯಲ್ಲಿ ಇಬ್ಬರ ಹೆಸರನ್ನೂ ಒಂದರ ಕೆಳಗೊಂದು ಬರೆದುಕೊಂಡಳು.

"ಹಸಿವಾಗ್ತಿದೆ," ಎಂದಳು ಪಿಟೀಲು ಮೆಟ್ಟಿಲಿಳಿಯುತ್ತ. "ಆದ್ರೆ ಈ ಮುಖದಲ್ಲಿ ಎಲ್ಲಿಗೆ ಹೋಗೋದು?"

ಇವಳು ರೂಢಿಯಂತೆ ಮಾಸ್ಕು ಹಾಕಿಕೊಂಡಳು. ಎದುರಿಗೇ ಒಂದು ಚಿಕ್ಕ ಹೋಟೆಲು. ಭಾನುವಾರದ ಜನ ತುಂಬಿದ್ದರು. ಮೂಲೆಯಲ್ಲಿ ಒಂದೇ ಮೇಜು ಖಾಲಿ, ಅದಕ್ಕೆ ಎರಡು ಕುರ್ಚಿ. ಒಂದು ಗೋಡೆಗೆ ಮುಖ, ಇನ್ನೊಂದು ಹೋಟೆಲಿಗೆ ಮುಖ. ಇವಳ ಕಾಲು ತಾನಾಗಿಯೇ ಗೋಡೆಯ ಕಡೆಗೆ ನಡೆಯಿತು. ಅಷ್ಟರಲ್ಲಿ ಹುಡುಗಿ ತಲೆ ತಗ್ಗಿಸಿ ನುಗ್ಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಳು, ಕೆಂಪು ಗಲ್ಲವನ್ನು ಗೋಡೆಗೆ ಕೊಟ್ಟು.

ಉಳಿದ ಕುರ್ಚಿಯ ಹಿಂದೆ ಇವಳು ಸ್ವಲ್ಪ ಹೊತ್ತು ನಿಂತಳು. ಆ ಕಡೆ ಬಾ ಎಂದು ಮಗುವನ್ನು ಎಬ್ಬಿಸುವುದೇ? ಅಷ್ಟು ದಣಿವಿನಲ್ಲಿ ಅಷ್ಟು ಕೆಟ್ಟತನಕ್ಕೂ ಶಕ್ತಿ ಇರಲಿಲ್ಲ. ಕುರ್ಚಿ ಎಳೆದು, ಇಡೀ ಹೋಟೆಲಿಗೆ ಮುಖ ಕೊಟ್ಟು ಕೂತಳು. ಒಂದು ಕಿವಿಯಿಂದ ಮಾಸ್ಕು ತೆಗೆದಳು, ಇನ್ನೊಂದು ಕಿವಿಯಿಂದಲೂ ತೆಗೆದು ಮಡಚಿ ಚೀಲಕ್ಕೆ ಹಾಕಿದಳು.

ಸೂಪು, ಬ್ರೆಡ್ಡು ಬಂತು. ಪಕ್ಕದ ಮೇಜಿನವನೊಬ್ಬ ತುತ್ತು ನಿಲ್ಲಿಸಿ ನೋಡಿದ. ಇವಳ ಕೈ ಒಮ್ಮೆ ಬಾಯಿಯ ಕಡೆ ಏರಿತು, ಅರ್ಧಕ್ಕೆ ನಿಂತು, ಉಪ್ಪಿನ ಡಬ್ಬಿ ತೆಗೆದುಕೊಂಡು ಇಳಿಯಿತು. ನೋಡಿ ಸಾಕಾಗಿ ಅವನು ಮತ್ತೆ ತಟ್ಟೆಗೆ ತಿರುಗಿದ.

ಪಿಟೀಲು ಬಾಗಿ ಇವಳ ಮುಖವನ್ನೇ ನೋಡಿದಳು. ತನ್ನ ಮೇಲ್ತುಟಿಗೆ ಬೆರಳಿಟ್ಟು ತೋರಿಸಿ, ಪಿಸುದನಿಯಲ್ಲಿ ಎಂದಳು:

"ಅತ್ತೆ, ನಿಂಗೆ ಆಗಲೇ ಬರ್ತಿದೆ."

"ಬರಲಿ ಬಿಡೇ," ಎಂದಳು ಅವಳು, ಬ್ರೆಡ್ಡು ಅದ್ದುತ್ತ. "ಉಣ್ಣೋವಾಗ ಅದರ ಮಾತ್ಯಾಕೆ."