ನಡುಬಾಗಿಲು

"ಚಿಲಕ ಯಾವ ಕಡೆಗೆ ಹಾಕ್ಲಿ? ಈ ಕಡೆಗೋ, ಆ ಕಡೆಗೋ?" ಎಂದು ಬಡಗಿ ಕೇಳಿದಾಗ ಕಿರಿಯ ಸೊಸೆ ನಡುಬಾಗಿಲಿನ ಆಚೆ ಒಮ್ಮೆ ಇಣುಕಿದಳು. ಆ ಕಡೆ ಎಂದರೆ ಅವಳ ಓರಗಿತ್ತಿಯ ಮನೆ. ಓರಗಿತ್ತಿ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಡಗಿಯನ್ನು ಕರೆಸಿದ್ದಳು. ಹಿರಿಯವಳು ಹೋದದ್ದಾದರೂ ಎಲ್ಲಿಗೆ? ಇದೇ ಕೋಣೆಯ ಕಿಟಕಿಗೆ ಪರದೆ ಹೊಲಿಸಿಕೊಂಡು ಬರಲು ದರ್ಜಿಯ ಅಂಗಡಿಗೆ.

"ಈ ಕಡೆಗೇ ಹಾಕಪ್ಪಾ. ಬೇಗ ಮುಗಿಸು. ಜಾಸ್ತಿ ಸದ್ದು ಮಾಡ್ಬೇಡ."

"ಸುತ್ತಿಗೆಗೆ ಸದ್ದು ಮಾಡ್ಬೇಡ ಅಂದ್ರೆ ಹೇಗಮ್ಮಾ?" ಎಂದು ಬಡಗಿ ನಕ್ಕು ಮೊಳೆ ಹೊಡೆಯತೊಡಗಿದ. ಒಂದೊಂದು ಏಟಿಗೂ ಅವಳು ಬೀದಿಯ ಕಡೆಗೆ ತಿರುಗಿ ನೋಡಿದಳು.

ಮೊದಲು ಅದೆಲ್ಲ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತು. ಅತ್ತೆ ಆಗ ಒಂದೇ ಮಾತು ಹೇಳಿದ್ದರು: "ಗೋಡೆ ಬೇಕಾದ್ರೆ ಆಕಾಶದವರೆಗೂ ಕಟ್ಕೊಳ್ಳಿ. ನಡುವೆ ಒಂದು ಬಾಗಿಲಿರ್ಲಿ. ಅದಕ್ಕೆ ಚಿಲಕ ಮಾತ್ರ ಬೇಡ." ಮಕ್ಕಳಿಬ್ಬರೂ ತಾಯಿಯ ಮಿಕ್ಕ ಮಾತುಗಳನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವರೇ. ಇದೊಂದನ್ನು ಮಾತ್ರ ಮೀರಲಿಲ್ಲ. ಅತ್ತೆ ಹೋದರು, ಆಮೇಲೆ ಹಿರಿಯ ಮಗನೂ ಹೋದ. ಅವನು ಹೋದಂದಿನಿಂದ ಹಿರಿಯವಳ ಮನೆಯಲ್ಲಿ ಒಲೆ ಹಚ್ಚಿಲ್ಲ. ಬೆಳಗಾದರೆ ಬಾಗಿಲು ತಳ್ಳಿ, ಕೋಣೆ ದಾಟಿ ಅಡುಗೆಮನೆಗೆ ಬರುತ್ತಾಳೆ. ಕಿರಿಯವಳು ಒಲೆಯ ಮುಂದೆ ನಿಂತಿರುವುದನ್ನು ಕಣ್ಣಾರೆ ಕಂಡರೂ "ಎದ್ದಿದೀಯೇನೇ?" ಎಂದು ಕೇಳುತ್ತಾಳೆ. ಇಬ್ಬರೂ ಚಹಾ ಕುಡಿಯುತ್ತಾರೆ. ಹಿರಿಯವಳ ಬೀದಿಬಾಗಿಲು ಇರುವುದು ಹಿಂದಿನ ಬೀದಿಗೆ. ಅಲ್ಲಿ ಕಡಿದಾದ ಮೆಟ್ಟಿಲು, ಅವಳದೋ ಮಂಡಿನೋವು.

ಊರಿನ ಗಿರಣಿ ಮುಚ್ಚಿದ ಮೇಲೆ ಊರಿಗೆ ಊರೇ ಕೈಕಟ್ಟಿ ಕೂತಿತ್ತು. ಈಗ ಹಳೆಯ ಕೋಟೆಗೋಡೆಯನ್ನೂ ಈ ಇಕ್ಕಟ್ಟಾದ ಓಣಿಗಳನ್ನೂ ನೋಡಲು ಪ್ರವಾಸಿಗರು ಬರುತ್ತಾರಂತೆ, ಮನೆಯಲ್ಲಿ ಕೋಣೆಯಿದ್ದವರು ಅತಿಥಿಗಳನ್ನು ಇಟ್ಟುಕೊಳ್ಳಬಹುದಂತೆ. ಅದಕ್ಕೆಂದು ಗಿರಣಿಯ ಕ್ಯಾಂಟೀನಿನಲ್ಲಿ ತರಬೇತಿ ನಡೆಯಿತು. ಅತಿಥಿಗಳನ್ನು ದುರುಗುಟ್ಟಿ ನೋಡಬಾರದು, ಸಂಬಳ ಕೇಳಬಾರದು, ಮಕ್ಕಳೆಷ್ಟು, ಯಾಕಿಲ್ಲ ಎಂದು ವಿಚಾರಿಸಬಾರದು ಎಂದು ತರಬೇತಿಯ ಮೇಡಂ ಹೇಳಿಕೊಟ್ಟರು. "ಹಂಗಾದ್ರೆ ಮಾತಾಡೋದಾದ್ರೂ ಏನನ್ನ?" ಎಂದು ಕ್ಷೌರದಂಗಡಿಯವನು ಕೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅವನು ನಿಜವಾಗಿಯೂ ಕೇಳಿದ್ದ.

ಮನೆ ನೋಡಲು ಬಂದ ದಿನ ಮೇಡಂ ಕೋಣೆಯನ್ನೂ ಕಿಟಕಿಯನ್ನೂ ಮೆಚ್ಚಿಕೊಂಡು, ಕೊನೆಗೆ ನಡುಬಾಗಿಲಿನ ಮೇಲೆ ಕೈಯಿಟ್ಟರು. "ಇದೆಲ್ಲಿಗೆ? ಅತಿಥಿ ಮಲಗಿರುವಾಗ ಇಲ್ಲಿಂದ ಯಾರಾದರೂ ಒಳಗೆ ಬಂದರೆ?"

"ಅಯ್ಯೋ, ಯಾರೂ ಬರಲ್ಲ ಮೇಡಂ," ಎಂದು ಕಿರಿಯವಳು ಭರವಸೆ ಕೊಟ್ಟಳು. "ನಮ್ಮಕ್ಕ ಮಾತ್ರ ಬರ್ತಾರೆ."

ಮೇಡಂ ನಗಲಿಲ್ಲ. ಒಳಗಿನಿಂದ ಭದ್ರವಾಗಿ ಮುಚ್ಚುವಂತಾದರೆ ಮಾತ್ರ ಒಪ್ಪಿಗೆ, ಮುಂದಿನ ವಾರ ಪರೀಕ್ಷೆಗೆಂದು ಒಬ್ಬರು ಬಂದು ಒಂದು ರಾತ್ರಿ ತಂಗುತ್ತಾರೆ ಎಂದು ಹೇಳಿ ಹೋದರು.

ಅಕ್ಕನಿಗೆ ಹೇಳುವುದು ಹೇಗೆ? "ನಿಮ್ಮ ಅತ್ತಿಗೆ, ನೀವೇ ಹೇಳಿ," ಎಂದಳು ಗಂಡನಿಗೆ. "ನಿನ್ನ ಅಕ್ಕ, ನೀನೇ ಹೇಳು," ಎಂದ ಅವನು. ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲದೆ ದಿನ ಉರುಳಿದವು. ಗಿರಣಿ ಮುಚ್ಚಿದಂದಿನಿಂದ ಗೋಡೆ ನೋಡುತ್ತ ಕೂತಿದ್ದ ಗಂಡ ಈಗ ಅದೇ ಗೋಡೆಗೆ ಸುಣ್ಣ ಹೊಡೆಯುತ್ತ ಶಿಳ್ಳೆ ಹಾಕುತ್ತಿದ್ದ. ಆ ಶಿಳ್ಳೆ ಮತ್ತೆ ನಿಂತುಹೋದರೆ ಎಂದು ನೆನೆದರೇ ಅವಳಿಗೆ ಹೆದರಿಕೆ. ಇನ್ನೊಂದು ಕಡೆ ಹಿರಿಯವಳ ಉತ್ಸಾಹ. "ನಮ್ಮನೆಗೆ ಜನ ಬರ್ತಾರೆ ಅಂದ್ರೆ ಸುಮ್ನೆನಾ!" ಎನ್ನುತ್ತ ನೆಲ ತಿಕ್ಕಿದವಳೂ ಅವಳೇ, ತನ್ನ ಪೆಟ್ಟಿಗೆಯಿಂದ ಒಳ್ಳೆಯ ಹೊದಿಕೆ ತೆಗೆದುಕೊಟ್ಟವಳೂ ಅವಳೇ.

ಬಡಗಿ ಅತ್ತ ಹೋದ, ಹಿರಿಯವಳು ಪರದೆ ಹಿಡಿದು ಇತ್ತ ಬಂದಳು. ಹೊಸ ಚಿಲಕದ ಮೇಲೆ ಕಣ್ಣು ಬಿತ್ತು.

"ಇದೇನೇ?"

"ಗಾಳಿಗೆ ಬಾಗಿಲು ಬಡ್ಕೊಳ್ಳತ್ತಲ್ಲಕ್ಕಾ, ಅದಕ್ಕೆ..."

"ಗಾಳಿಗೆ ಚಿಲಕ ಯಾಕೆ? ಒಂಚೂರು ಕಾಗದ ಮಡಚಿ ಸಿಗಿಸಿದ್ರೆ ಆಗ್ತಿತ್ತಲ್ಲ." ಬೆರಳಿನಿಂದ ಚಿಲಕವನ್ನು ಒಮ್ಮೆ ಸರಿಸಿ ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಪರದೆ ಕಟ್ಟತೊಡಗಿದಳು. "ಉದ್ದ ಸರಿಯಾಗಿದ್ಯಾ ನೋಡು."

"ಸರಿಯಾಗಿದೆ ಅಕ್ಕಾ." ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಕಿರಿಯವಳು ಸ್ಟೂಲು ಅಲುಗದಂತೆ ಹಿಡಿದುಕೊಂಡು ನಿಂತಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪರೀಕ್ಷೆಯ ಅತಿಥಿ ಅದೇ ದಿನ ಸಂಜೆಗೆ ಬಂದರು. ಕನ್ನಡಕದ ತೆಳ್ಳನೆಯ ಮನುಷ್ಯ, ಮೆಲುಮಾತಿನವರು. ಮೂವರೂ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಹಿರಿಯವಳು ಒಗೆದು ಮಡಿಸಿಟ್ಟ ಸೀರೆ ಉಟ್ಟು ಎಲ್ಲರಿಗಿಂತ ಮುಂದಿದ್ದಳು. ಅತಿಥಿ ಅವಳ ಕಡೆ ತಿರುಗಿ, "ಇವರು?" ಎಂದರು.

ಗಂಡನಿಗೆ ನಡುಬಾಗಿಲಿನದೇ ದಿಗಿಲು. ಅತ್ತಿಗೆ ಎಂದರೆ ಎಲ್ಲಿರುತ್ತಾರೆ ಎಂದು ಕೇಳುತ್ತಾರೆ, ಅಲ್ಲಿಂದ ಮಾತು ಬಾಗಿಲಿಗೆ ಬರುತ್ತದೆ. "ಇವರು... ಪಕ್ಕದ ಮನೆಯವರು," ಎಂದುಬಿಟ್ಟ.

ಕಿರಿಯವಳು ಥಟ್ಟನೆ ಅಕ್ಕನ ಕಡೆ ತಿರುಗಿದಳು. ಹಿರಿಯವಳ ಮುಖದಲ್ಲಿ ನಗು ಹಾಗೇ ಇತ್ತು. "ಹೌದು, ಪಕ್ಕದ್ಮನೆ," ಎಂದಳು. "ಬನ್ನಿ, ದಣಿದು ಬಂದಿದೀರಿ." ಅತಿಥಿ ಕೋಣೆ ಸೇರಿದ ಮೇಲೆ ಊಟಕ್ಕೆ ಕರೆದರೆ, "ನಂಗೆ ಹಸಿವಿಲ್ಲ ಕಣೇ," ಎಂದು ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಸುತ್ತು ಹಾಕಿಕೊಂಡು, ಗೋಡೆ ಹಿಡಿದು ಹಿಡಿದು ಹೋದಳು.

"ಪಕ್ಕದ ಮನೆಯವರಾ ಅವರು?" ಎಂದು ಅಡುಗೆಮನೆಯಲ್ಲಿ ಕಿರಿಯವಳು ಗಂಡನನ್ನು ಹಲ್ಲು ಕಚ್ಚಿ ಕೇಳಿದಳು.

"ಬಾಯಿಗೆ ಬಂದದ್ದು ಅದೇ. ಏನ್ಮಾಡ್ಲಿ?" ಎಂದ ಅವನು, ತಲೆ ಎತ್ತದೆ.

ಬೆಳಗ್ಗೆ ಚಹಾಕ್ಕೆ ನೀರಿಟ್ಟು ಅವಳು ಮೈಯೆಲ್ಲ ಕಿವಿಯಾಗಿ ನಿಂತಳು. ಅಕ್ಕ ಅಭ್ಯಾಸಬಲದಿಂದ ಬಾಗಿಲು ತಳ್ಳಿದರೆ? ಚಿಲಕ ಗಡಗಡ ಎಂದು, ಅತಿಥಿ ಬೆಚ್ಚಿ ಎದ್ದು, ಎಲ್ಲ ಮಣ್ಣುಪಾಲಾದರೆ? ನೀರು ಕುದಿಯಿತು. ಸದ್ದಿಲ್ಲ. ಹೊತ್ತು ಏರಿತು. ಸದ್ದಿಲ್ಲ. ತಳ್ಳುತ್ತಾಳೇನೋ ಎಂಬ ಭಯ ಯಾವ ಮಾಯದಲ್ಲೋ ತಳ್ಳಲೇ ಇಲ್ಲವಲ್ಲ ಎಂಬ ಭಯವಾಗಿತ್ತು.

ಅತಿಥಿ ಹೊರಡುವಾಗ ಬಾಯಿತುಂಬ ಹೊಗಳಿದರು. "ಎಲ್ಲ ಸರಿಯಾಗಿದೆ. ಬಹಳ ನಿಶ್ಶಬ್ದವಾದ ಕೋಣೆ. ನಿನ್ನೆ ನೀವು ಅಡುಗೆಮನೆಯಲ್ಲಿದ್ದಾಗ ಆ ಕಡೆ ಏನನ್ನೋ ಎಳೆದ ಸದ್ದು ಕೇಳಿಸಿತು, ತುಂಬ ಹೊತ್ತು. ಆಮೇಲೆ ಅಲ್ಲಿ ಯಾರಾದರೂ ಇದ್ದಾರೆ ಅಂತಲೂ ಅನ್ನಿಸಲಿಲ್ಲ."

ಗಂಡ ಅವರ ಚೀಲ ಹೊತ್ತು ಶಿಳ್ಳೆ ಹಾಕುತ್ತ ಬಸ್ಸಿನವರೆಗೆ ಹೋದ. ಅವಳು ಕೋಣೆಗೆ ಓಡಿ ಚಿಲಕ ತೆಗೆದು ಬಾಗಿಲು ಎಳೆದಳು. ಬಾಗಿಲೇನೋ ಎಂದಿನಂತೆ ತೆರೆಯಿತು. ಎದುರಿಗೆ ಬೀರುವಿನ ಬೆನ್ನು. ಆ ಭಾರದ ಮರದ ಬೀರು, ಭಾವ ಮಾಡಿಸಿದ್ದು, ಹೊಸಿಲಿನ ಆಚೆ ಅಡ್ಡವಾಗಿ ನಿಂತಿತ್ತು. ಆ ಮಂಡಿ ಇಟ್ಟುಕೊಂಡು ಒಬ್ಬಳೇ ಹೇಗೆ ಎಳೆದಳೋ.

"ಅಕ್ಕಾ," ಎಂದು ಕೂಗಿದಳು. ಬೀರು ಉತ್ತರ ಕೊಡಲಿಲ್ಲ.

ಚಹಾ ಬಿಸಿ ಮಾಡಿ, ಲೋಟಕ್ಕೆ ಬಗ್ಗಿಸಿ, ಮೇಲೆ ತಟ್ಟೆ ಮುಚ್ಚಿಕೊಂಡು ಬೀದಿಗಿಳಿದಳು. "ಏನಮ್ಮಾ, ಪಾಸಾ?" ಎಂದು ಕ್ಷೌರದಂಗಡಿಯವನು ಕೂಗಿದ. ಹೌದೆಂದು ತಲೆಯಾಡಿಸಿ ಮೂಲೆ ತಿರುಗಿದಳು. ಮೆಟ್ಟಿಲು ಅವಳೆಣಿಸಿದ್ದಕ್ಕಿಂತ ಕಡಿದಾಗಿದ್ದವು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಅಕ್ಕನ ಮನೆಗೆ ಈ ಕಡೆಯಿಂದ ಅವಳು ಒಮ್ಮೆಯೂ ಬಂದಿರಲಿಲ್ಲ. ಬಾಗಿಲ ಬಣ್ಣ ನೀಲಿ ಎಂಬುದೂ ಗೊತ್ತಿರಲಿಲ್ಲ. ಒಳಗಿನಿಂದ ಆಗಷ್ಟೇ ಒಲೆ ಹಚ್ಚಿದ ಹೊಗೆಯ ವಾಸನೆ ಬರುತ್ತಿತ್ತು.

ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ಅವಳು ಬಾಗಿಲು ತಟ್ಟಿದಳು. ಒಳಗೆ ಪಾತ್ರೆಯ ಸದ್ದು ನಿಂತಿತು.

"ಯಾರು?" ಎಂದಳು ಹಿರಿಯವಳು.