ಮೋಟಾರು ಬಂದ್ ಆದರೆ ಗಾಳಿ ಬಂದ್ ಆದಂತಲ್ಲ

ಎರಡು ದಿನದಿಂದ ನಮ್ಮೂರ ನಳಕ್ಕೆ ನೀರಿರಲಿಲ್ಲ. ಖಾಲಿ ಕೊಡ ಹಿಡಿದವರೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದರು. ಬರದೇ ಏನು? ಡಂಬಳದ ಹಾದಿಯಲ್ಲಿರುವ ನೀರು ಶುದ್ಧೀಕರಣ ಘಟಕದಲ್ಲಿ ವಾಲ್ವು ನೋಡಿಕೊಳ್ಳುವವರು ನನ್ನ ಗಂಡ ಖಾಸಿಂಸಾಬ.

"ಅಲ್ಮಾಸಬಿ, ನಿನ್ನ ಗಂಡ ನೀರು ಬಿಡ್ತಾನೇನು, ಇಲ್ಲಾ ನಾವ ಅಲ್ಲೇ ಹೋಗಿ ಕುಂಡ್ರೂಣೇನು?" ಎಂದಳು ಪಕ್ಕದ ಮನೆಯ ಹನಮಂತವ್ವ.

ನನಗೆ ಸಿಟ್ಟು ಬಂತು. ಬುತ್ತಿ ಕಟ್ಟಿಕೊಂಡು ನಾನೇ ಘಟಕಕ್ಕೆ ಹೋದೆ.

ಅಲ್ಲಿನ ದೊಡ್ಡ ವಾಲ್ವನ್ನು ಕೈಯಿಂದ ತಿರುಗಿಸುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಇರುವಂಥದ್ದೇ ಒಂದು ಕಂಪ್ರೆಸರ್ ಟಾಕಿಗೆ ಗಾಳಿ ತುಂಬುತ್ತದೆ. ಗುಂಡಿ ಒತ್ತಿದರೆ ಆ ಗಾಳಿ ವಾಲ್ವಿನ ಮೇಲಿನ ಡಬ್ಬಿಗೆ ನುಗ್ಗಿ ಅದನ್ನು ತಿರುಗಿಸುತ್ತದೆ. ಆ ಡಬ್ಬಿಗೆ ಆಕ್ಚುಯೇಟರ್ ಎನ್ನುತ್ತಾರೆ. ಅದೇ ಜಾಮ್ ಆಗಿತ್ತು.

ನಮ್ಮವರು ಮಾಡಿದ ಮದ್ದು ಕೇಳಿ. ಮನೆಯಿಂದ ಕುಸುಬಿ ಎಣ್ಣೆ ಒಯ್ದು ಗಾಳಿಯ ಪೈಪಿಗೆ ಸುರಿಯುತ್ತಿದ್ದರು, ಅದೂ ತಿಂಗಳಿಂದ! ನಾನು ಒಗ್ಗರಣೆಗೆ ಎಣ್ಣೆ ಸಾಲದೆ ಒದ್ದಾಡುತ್ತಿದ್ದೆ.

ನಾನು ಹೋದಾಗ ಅವರು ವಾಲ್ವು ತಿರುಗಿಸುವ ಕಬ್ಬಿಣದ ತೋಳಿನ ಸಂದಿಗೆ ಬಲಗೈ ತೂರಿಸಿದ್ದರು. ಅಷ್ಟರಲ್ಲೇ ಮುಂಡರಗಿಯಿಂದ ರಿಪೇರಿಗೆ ಬಂದಿದ್ದ ಮಮತಾ ಬೈಕಿನಿಂದ ಇಳಿದಳು.

"ಚಾಚಾ, ಕೈ ತಗೀರಿ."

"ಮೋಟಾರು ಬಂದ್ ಮಾಡೇನಿ ತಂಗಿ. ಹನ್ನೆರಡು ವರ್ಷ ಆತು ಈ ಕೆಲಸಕ್ಕ. ಒಂಚೂರು ಅಲ್ಲಾಡಿಸಿದ್ರ ಬಿಡ್ತೈತಿ."

"ಮೊದಲ ಕೈ ತಗೀರಿ, ಆಮ್ಯಾಲ ಬೇಕಾದ್ರ ಬೈರಿ."

ಗೊಣಗುತ್ತ ಕೈ ತೆಗೆದರು. ಬೇಲಿಯ ಬಳಿ ಬಿದ್ದಿದ್ದ ಜೋಳದ ದಂಟೊಂದನ್ನು ಮಮತಾ ಅದೇ ಸಂದಿಯಲ್ಲಿಟ್ಟು, ನಮ್ಮನ್ನು ಹಿಂದೆ ಸರಿಸಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇವರು ಮೀಸೆಯಲ್ಲೇ ನಕ್ಕರು. ಮರುಗಳಿಗೆ ತೋಳು ಜಗ್ಗಿತು. ದಂಟು ಲಟಕ್ಕನೆ ಮುರಿದು, ಅರ್ಧ ತುಂಡು ನನ್ನ ಕಾಲ ಬಳಿ ಬಿತ್ತು.

ಅವರ ಬಲಗೈ ಹಿಡಿದು ಐದೂ ಬೆರಳು ಮುಟ್ಟಿ ಮುಟ್ಟಿ ನೋಡಿದೆ.

"ಮೋಟಾರು ನಿಂತ್ರೂ ಟಾಕಿಯೊಳಗ ತುಂಬಿದ ಗಾಳಿ ಎಲ್ಲಿ ಹೋಗ್ತೈತ್ರಿ ಚಾಚಾ?" ಎಂದಳು ಮಮತಾ.

ಅವಳು ಟಾಕಿಯಿಂದ ಗಾಳಿ ಬರುವ ಪೈಪಿನ ಕಾಕ್ ಮುಚ್ಚಿ, ಬೀಗ ಹಾಕಿ, ಕೀಲಿಕೈಯನ್ನು ಇವರ ಕಿಸೆಗೇ ಹಾಕಿದಳು. ಡಬ್ಬಿಯಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಟ್ಟಳು. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ನಟ್ಟು ಬಿಚ್ಚುವ ಪಾನಾ ಹಿಡಿದಳು. ಡಬ್ಬಿ ಬಿಚ್ಚಿದರೆ ಕುಸುಬಿ ಎಣ್ಣೆ ಬೇವಿನ ಅಂಟಿನಂತೆ ಹಿಡಿದುಕೊಂಡಿತ್ತು.

"ಈ ಎಣ್ಣಿ ಗಾಳಿಗೆ ಅಂಟಾಗ್ತೈತ್ರಿ. ಕಂಪನಿ ಪುಸ್ತಕದಾಗ ಬರದ ಗ್ರೀಸ್ ಅಷ್ಟ ಹಚ್ಚಬೇಕು."

ಕಂಪ್ರೆಸರ್ ಟಾಕಿಯ ಕೆಳಗಿನ ಕಾಕ್ ತಿರುಗಿಸಿದಾಗ ಅರ್ಧ ಬಕೆಟ್ ಕೆಂಪು ನೀರು ಬಂತು.

"ಗಾಳಿಯೊಳಗ ನೀರು ಎಲ್ಲಿಂದ ಬಂತವಾ?" ಎಂದೆ ನಾನು.

"ತಣ್ಣೀರಿನ ತಂಬಿಗಿ ಹೊರಗ ಬೆವರೂದಿಲ್ಲೇನ್ರಿ ಚಾಚಿ? ಗಾಳಿಯೊಳಗಿನ ತೇವಾನೂ ಹಂಗ ನೀರಾಗ್ತೈತಿ. ದಿನಾ ಬಿಡಲಿಲ್ಲಂದ್ರ ಡಬ್ಬಿಗೆ ಹೋಗಿ ತುಕ್ಕ ಹಿಡಸ್ತೈತಿ."

"ತಪ್ಪಾತು ತಂಗಿ," ಎಂದರು ಇವರು. "ಇನ್ನ ಎಣ್ಣಿ ಇಕಿ ಪಲ್ಯಾಕ್ಕ ಅಷ್ಟ."

ಇಬ್ಬರೂ ಡಬ್ಬಿ ಒರೆಸಿ, ಗ್ರೀಸ್ ಹಚ್ಚಿ, ಹೊಸ ರಬ್ಬರ್ ಉಂಗುರ ಕೂರಿಸಿ, ನನ್ನನ್ನು ದೂರ ನಿಲ್ಲಿಸಿ, ಬೀಗ ತೆಗೆದು ಗಾಳಿ ಬಿಟ್ಟರು. ಗುಂಡಿ ಒತ್ತಿದ್ದೇ ತಡ, ವಾಲ್ವು ಸರಾಗ ತಿರುಗಿತು. ಪೈಪಿನಲ್ಲಿ ನೀರು ಭೋರೆಂದಿತು. ನಾನು ಮಮತಾಳನ್ನು ಅಪ್ಪಿಕೊಂಡೇ ಬಿಟ್ಟೆ. ತಾಸು ಕಳೆಯುವುದರೊಳಗೆ ಹನಮಂತವ್ವನ ಫೋನು ಬಂತು: "ಬಂತವಾ, ನೀರು ಬಂತು!"

ಈಗ ನಮ್ಮವರು ಬೆಳಿಗ್ಗೆ ಮೊದಲು ಟಾಕಿಯ ನೀರು ಬಿಡುತ್ತಾರೆ. ವಾರಕ್ಕೊಮ್ಮೆ ಗಾಳಿ ಪೈಪಿನ ಜೋಡಣೆಗೆ ಸಾಬೂನಿನ ನೊರೆ ಹಚ್ಚುತ್ತಾರೆ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದು ತಿಳಿಯುತ್ತದೆ. ಆ ಮುರಿದ ದಂಟು ಗುಂಡಿಯ ಪಕ್ಕದಲ್ಲೇ ತೂಗುತ್ತಿದೆ.

ನೀರಿನ ಘಟಕ, ಗಿರಣಿ, ಕಾರ್ಖಾನೆಗಳಲ್ಲಿ ಗಾಳಿ ವಾಲ್ವು ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಕೈ ಹಾಕುವ ಮೊದಲು ಗಾಳಿ ಮುಚ್ಚಿ, ಬೀಗ ಹಾಕಿ, ಒಳಗೆ ಉಳಿದ ಗಾಳಿಯನ್ನು ಹೊರಗೆ ಬಿಡಿ. ಒಳಗೆ ಸ್ಪ್ರಿಂಗ್ ಇರುವ ಡಬ್ಬಿಯನ್ನು ಕಲಿತವರಲ್ಲದೆ ಬೇರೆಯವರು ಬಿಚ್ಚಬಾರದು, ಸ್ಪ್ರಿಂಗ್ ಚಿಮ್ಮಿ ಬಡಿದೀತು. ನಿಮ್ಮ ಬೆರಳು ಎಣಿಸಿ ನೋಡುವ ಗಳಿಗೆ ನಿಮ್ಮ ಮನೆಯವರಿಗೆ ಬಾರದಿರಲಿ.